ಮುನೀಫ್ ಬೇಕ್‌ನ ಬೀಗದಕೈ

ಐನ್-ತೂತ್, 14 ಅಕ್ಟೋಬರ್ 1967

ಅದೀಬಣ್ಣಾ,

ಸಲಾಮು, ಕುಶಲ ಎಲ್ಲಾ ಆಮೇಲೆ. ನಿನ್ನ ಬ್ಯಾಂಕು ಬಾಗಿಲು ಹಾಕ್ಕೊಂಡಿದೆ. ನಬಾತಿಯೆ ಶಾಖೆ ಶಟರ್ ಎಳೆದು ಮೇಲೊಂದು ಕಾಗದ ಅಂಟ್ಸಿದಾರೆ, ಯುದ್ಧದ ಪರಿಸ್ಥಿತಿಯಿಂದಾಗಿ ತಾತ್ಕಾಲಿಕವಾಗಿ ಮುಚ್ಚಿದೆ ಅಂತ. ಯುದ್ಧ ಜೂನ್‌ನಲ್ಲೇ ಮುಗೀತು. ಅದೂ ಒಂದು ವಾರ ನಡೀಲಿಲ್ಲ. ಅದನ್ನೂ ನಾವು ಸೋತ್ವಿ. ಈಗ ಈ ನನ್ಮಕ್ಕಳು ಅದರ ಹೆಸರು ಹೇಳ್ಕೊಂಡು ಪೆಟ್ಟಿಗೆ ಖಾಲಿ ಮಾಡ್ಕೊಂಡಿದಾರೆ.

ಊರು ನಮ್ಮನೆ ಅಂಗಳಕ್ಕೆ ಬಂದು ನಿಂತಿದೆ. ನಬಾತಿಯೆಗೆ ಹೋಗಿ ಶಟರ್ ಒದೆಯೋದು ಬಿಟ್ಟು ನಮ್ಮಪ್ಪನ ಹತ್ರ ಬಂದವ್ರೆ. ಯಾಕೆ ಬರಬಾರ್ದು ಹೇಳು? ನಿನ್ನೆ ಉಮ್ಮ್ ಶಫೀಕ್ ಬಂದ್ಲು. ಅವಳ ಮಗ ಕುವೈತಲ್ಲಿ ಬಿಸಿಲಲ್ಲಿ ಪೈಪು ಹೊತ್ತು ಕಳಿಸಿದ್ದೆಲ್ಲಾ ಅಲ್ಲೇ ಇಟ್ಟಿದ್ಲು. ಬಾಗಿಲಲ್ಲೇ ನಿಂತ್ಕೊಂಡು ಅಪ್ಪನಿಗೆ ಅಂದ್ಲು, "ಅಬು ಅದೀಬ್, ನಾನು ಬ್ಯಾಂಕಿಗೆ ಕೊಡ್ಲಿಲ್ಲ. ನಿನ್ನ ಮೀಸೆ ನೋಡಿ ಕೊಟ್ಟೆ. ಈಗ ಆ ಮೀಸೆ ಬೋಳಿಸು, ನಾನು ಮನೆಗೋಗ್ತೀನಿ."

ಅಪ್ಪ "ಒಳಗೆ ಬಾರಮ್ಮಾ, ಕೂತ್ಕೋ" ಅಂದ.

"ಕೂತ್ಕೊಂಡ್ರೆ ನೀನು ಮತ್ತೆ ಮಾತಾಡ್ತೀಯ, ನಾನು ಮತ್ತೆ ನಂಬ್ತೀನಿ" ಅಂದ್ಲು ಆ ಮುದುಕಿ. ನಂಗೆ ಅವಳ ಕೈಗೆ ಮುತ್ತು ಕೊಡೋಣ ಅನ್ನಿಸ್ತು.

ನೀನು ಆಫ್ರಿಕಾದ ಅಬಿಜಾನಲ್ಲಿ ಕೋಟು ಹಾಕ್ಕೊಂಡು ಫ್ಯಾನ್ ಕೆಳಗೆ ಕೂತು ಮರ್ತಿರಬೋದು, ನಾನು ಜ್ಞಾಪಿಸ್ತೀನಿ. ನಿನ್ನ ಬ್ಯಾಂಕಿನ ಯಜಮಾನ ಮುನೀಫ್ ಸರ್ಹಾನ್‌ನ ಅಪ್ಪ ಸೈದಾ ಊರಬಾಗಿಲ ಹತ್ರ ಗಾಜಿನ ಪೆಟ್ಟಿಗೆ ಇಟ್ಕೊಂಡು ನೋಟು ಬದಲಾಯಿಸ್ತಿದ್ದೋನು. ಮಗ ಕುವೈತಿಗೆ ಹೋದ, ಬಿಳೀ ಸೂಟಲ್ಲಿ ವಾಪಸ್ ಬಂದ, ಬೇರೂತಲ್ಲಿ ತನ್ನ ಹೆಸರಿಟ್ಟು ಸರ್ಹಾನ್ ಬ್ಯಾಂಕ್ ತೆಗೆದ. ಆಮೇಲೆ ನಮ್ಮ ಜಿಲ್ಲೆಯಿಂದ ಪಾರ್ಲಿಮೆಂಟಿಗೆ ನಿಂತ. ಎರಡು ಸಲ ಗೆದ್ದ. ಅವನ್ನ 'ಬೇಕ್' ಅಂತ, ಅಂದ್ರೆ ದೊರೆ ಅಂತ, ಯಾವ ಸುಲ್ತಾನನೂ ಮಾಡ್ಲಿಲ್ಲ. ನಮ್ಮಪ್ಪನಂಥೋರು ಕರ್ದೂ ಕರ್ದೂ ಆದ. ಮತದ ಬಾಗಿಲು ತೆಗೆಯೋಕೆ ಊರಿಗೊಬ್ಬ ಬೀಗದಕೈ ಇಟ್ಕೊಂಡಿದಾನೆ. ಐನ್-ತೂತ್‌ಗೆ ನಮ್ಮಪ್ಪ. ಹೆಣ ಬಿದ್ರೆ ಬೇಕ್‌ನ ಕರೆಸೋನು ಅಪ್ಪ, ಮದ್ವೆ ಆದ್ರೆ ಬೇಕ್‌ನ ಮಾಲೆ ಹಿಡಿಯೋನು ಅಪ್ಪ, ಚುನಾವಣೇಲಿ ಮನೆಮನೆಗೆ ಮತದ ಚೀಟಿ ಹಂಚೋನು ಅಪ್ಪ. ಅದಕ್ಕೆ ಪ್ರತಿಯಾಗಿ ಬೇಕ್ ನಿನ್ನ ಓದಿಸ್ದ, ಕೆಲಸ ಕೊಟ್ಟ. ನಂಗೆ ಮೇಷ್ಟ್ರು ಕೋಲು ಕೊಟ್ರು, ನಾನದನ್ನ ಮುರಿದು ಬಂದೆ. ಪಂಕ್ಚರ್ ಅಂಗಡಿ ಇಟ್ಟೆ. ಯಾವನ ಋಣಾನೂ ಇಲ್ಲ.

ಒಂದೇ ಪ್ರಶ್ನೆ. ನೀನು ಆ ಬ್ಯಾಂಕಿನ ಅಬಿಜಾನ್ ಮ್ಯಾನೇಜರು. ಜನರ ಹಣ ಇದ್ಯಾ, ಇಲ್ವಾ? ಹೌದು ಅಥ್ವಾ ಇಲ್ಲ ಅಂತ ಬರಿ. ಪುರಾಣ ಬೇಡ.

ನಾಯಫ್


ಅಬಿಜಾನ್, 4 ನವೆಂಬರ್ 1967

ಪ್ರೀತಿಯ ತಮ್ಮ ನಾಯಫ್,

ನಿನ್ನ ಕಾಗದ ಬಂತು. ಮೇಷ್ಟ್ರ ಕೋಲು ಮುರಿದಿದ್ದನ್ನ ಇನ್ನೂ ಹೇಳ್ಕೊಂಡು ತಿರುಗ್ತಿದೀಯ, ಅದೇನು ಯುದ್ಧ ಗೆದ್ದಂಗೆ.

ಬ್ಯಾಂಕಿನ ವಿಷ್ಯ ಹೌದು, ಇಲ್ಲ ಅನ್ನೋ ಥರ ಇರಲ್ಲ ಕಣೋ. ಹಣ ಒಂದು ಕಡೆ ಸುಮ್ನೆ ಕೂತಿರಲ್ಲ. ಕಟ್ಟಡದಲ್ಲಿರುತ್ತೆ, ಹೊರದೇಶದಲ್ಲಿರುತ್ತೆ, ಯಾರ್ಯಾರ ಸಾಲದಲ್ಲೋ ಇರುತ್ತೆ. ಎಲ್ಲಾರೂ ಒಂದೇ ದಿನ ಬಂದು ಕೇಳಿದ್ರೆ ಯಾವ ಬ್ಯಾಂಕೂ ನಿಲ್ಲಲ್ಲ. ಮುನೀಫ್ ಬೇಕ್ ಪಾರ್ಲಿಮೆಂಟಿನ ಹಣಕಾಸು ಸಮಿತೀಲಿದಾರೆ, ಸರ್ಕಾರದ ಸಹಾಯ ಕೇಳಿದಾರೆ. ಸ್ವಲ್ಪ ತಾಳ್ಮೆ ಬೇಕು. ಅಪ್ಪನಿಗೆ ಹೇಳು, ಊರಿನವರ ಜೊತೆ ಮೆತ್ತಗೆ ಮಾತಾಡ್ಲಿ ಅಂತ. ನೀನು ಮಾತೇ ಆಡಬೇಡ.

ಇಲ್ಲಿ ಮಳೆ ಬಿಸಿಲು ಎರಡೂ ಒಟ್ಟಿಗೆ. ನಮ್ಮೂರ ವ್ಯಾಪಾರಿಗಳು ದಿನಾ ಆಫೀಸಿಗೆ ಬಂದು ಕಾಫಿ ಕುಡ್ದು ಹೋಗ್ತಾರೆ. ಮೊದಲಿನ ಥರ ನಗಲ್ಲ.

ಅವ್ವನ ಕಣ್ಣು ಹೇಗಿದೆ? ಪೊರೆ ತೆಗೆಸೋಕೆ ಬೇರೂತಿಗೆ ಕರ್ಕೊಂಡು ಹೋಗು, ನಾನು ಕಳಿಸ್ತೀನಿ.

ಇನ್ನೊಂದು. ಬೇರೂತ್ ಪತ್ರಿಕೆಗಳಲ್ಲಿ ಬ್ಯಾಂಕಿನ ಬಗ್ಗೆ ಏನಾದ್ರೂ ಬಂದ್ರೆ ಕತ್ತರಿಸಿ ಕಳಿಸು. ಯಾರ್ಯಾರ ಹೆಸರು ಬಂದಿದೆ ಅಂತ ನೋಡು. ನನ್ನ ಹೆಸರು ಯಾರಾದ್ರೂ ಎತ್ತಿದ್ರಾ? ಸುಮ್ನೆ ಕೇಳ್ದೆ.

ನಿನ್ನಣ್ಣ
ಅದೀಬ್


ಐನ್-ತೂತ್, 27 ನವೆಂಬರ್ 1967

ಅದೀಬಣ್ಣಾ,

ಹಣ ಕಟ್ಟಡದಲ್ಲಿದೆ, ಹೊರದೇಶದಲ್ಲಿದೆ, ಅವರಿವರ ಸಾಲದಲ್ಲಿದೆ. ಉಮ್ಮ್ ಶಫೀಕ್‌ಗೆ ಓದಿ ಹೇಳ್ದೆ. "ನಿಮ್ಮಣ್ಣ ಚೆನ್ನಾಗಿ ಓದವ್ನೆ ಮಗಾ, ಒಂದು ಮಾತೂ ಅರ್ಥ ಆಗ್ಲಿಲ್ಲ" ಅಂದ್ಲು. ನಿನ್ನ ಹೆಸರು ಯಾರೂ ಎತ್ತಿಲ್ಲ. ನಿನ್ನ ಹೆಸರು ಎತ್ತೋಕೆ ನೀನೇನು ದೊಡ್ಡ ಮನುಷ್ಯನಾ? ಸುಮ್ನೆ ಬೆವರಬೇಡ.

ಬೇಕ್ ಬಂದಿದ್ದ. ನಮ್ಮನೇಗೆ! ಕರೀ ಕಾರು, ಜೊತೇಲಿ ವಕೀಲ ನಸೂಹ್, ಹಿಂದೆ ಎರಡು ಜೀಪು. ಮಾರ್ಚ್ ಕೊನೇಲಿ ಚುನಾವಣೆ ಅಲ್ವಾ, ದಾರಿ ನೆನಪಾಗಿದೆ. ಊರ ಗಂಡಸರೆಲ್ಲಾ ನಮ್ಮ ನಡುಮನೇಲಿ ಗೋಡೆಗೊರಗಿ ಕೂತ್ರು. ಕಲ್ಲು ತಂದಿದಾರೇನೋ ಅಂತ ನಾನು ಎಲ್ರ ಜೇಬು ನೋಡ್ದೆ. ಒಬ್ನೂ ತಂದಿರ್ಲಿಲ್ಲ, ಹಲ್ಕಟ್‌ಗಳು. ಎದ್ದು ನಿಂತು ಕೈ ಕುಲುಕಿದ್ರು.

ಅವ್ವ ಕಾಫಿ ಕಳಿಸಿದ್ಲು. ಬೇಕ್ ಲೋಟ ತಗೊಂಡ. ಕುಡೀಲಿಲ್ಲ. ಮುಂದೆ ಚಾಪೆ ಮೇಲೆ ಇಟ್ಟ. ಗಂಡಸರೆಲ್ಲಾ ಆ ಲೋಟಾನೇ ನೋಡಿದ್ರು. ಮನೆಗೆ ಬಂದೋನು ಕಾಫಿ ಕೆಳಗಿಟ್ಟ ಅಂದ್ರೆ ಏನೋ ಬೇಡೋಕೆ ಬಂದಿದಾನೆ, ಅದು ಆಗೋವರ್ಗೂ ಕುಡಿಯಲ್ಲ. ಕೊಲೆ ಆದ ಮನೆಗೆ ರಾಜಿಗೆ ಬರೋರು ಹಂಗಿಡ್ತಾರೆ. ಇವನು ಇಟ್ಟ!

ನಾನು ಹಿಂದಿನಿಂದ ಅಪ್ಪನ ಅಂಗಿ ಜಗ್ಗಿದೆ. "ಏನು ಅಂತ ಮೊದ್ಲು ಕೇಳು" ಅಂತ ಕಿವೀಲಂದೆ. ಕಾಫಿ ಆರ್ತಾ ಇತ್ತು. ಅಪ್ಪ ನನ್ನ ಕೈ ಕೊಡವಿ ಅಂದ, "ಕುಡೀರಿ ಬೇಕ್. ನೀವು ಬಂದ ಕೆಲಸ ಆಯ್ತು ಅಂತ ತಿಳ್ಕೊಳ್ಳಿ."

ಆಯ್ತು. ಮಾತು ಕೊಟ್ಟಾಯ್ತು. ಏನಕ್ಕೆ ಅಂತ ಗೊತ್ತಿಲ್ದೆ. ಬೇಕ್ ಕಣ್ಣಲ್ಲಿ ನೀರು ತುಂಬ್ಕೊಂಡ, ಕೈರೋ ಸಿನಿಮಾದೋರು ಕಲೀಬೇಕು ಇವನ ಹತ್ರ. ಕುಡಿದ. ಆಮೇಲೆ "ಅಬು ಅದೀಬ್, ಎರಡು ಮಾತು ಒಳಗೆ" ಅಂದ. ಇಬ್ರೂ ಒಳಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು.

ನಾನು ಬಾಗಿಲ ಹತ್ರ ಹೋಗ್ತಿದ್ದಂಗೆ ಆ ವಕೀಲ ನಸೂಹ್ ಅಡ್ಡ ಬಂದ. "ನೀನೇ ಅಲ್ವೇನಪ್ಪಾ ಪಂಕ್ಚರ್ ಹಾಕೋ ಹುಡುಗ? ಹಿಂದಿನ ಚಕ್ರ ಯಾಕೋ ಮೆತ್ತಗಿದೆ. ಒಂಚೂರು ನೋಡ್ತೀಯಾ ರಾಜಾ?"

ನೋಡ್ದೆ. ಚೆನ್ನಾಗಿತ್ತು. ನಾನು ನೋಡಿದ್ಮೇಲೆ ಚೆನ್ನಾಗಿರ್ಲಿಲ್ಲ.

ಅಪ್ಪ ಹೊರಗೆ ಬಂದಾಗ ಮುಖ ಬೂದಿ ಬಳಿದಂಗಿತ್ತು. ನಿಂತ್ಕೊಂಡೇ ಎಲ್ರಿಗೂ ಅಂದ, "ನಮ್ಮೂರು ಬೇಕ್ ಜೊತೆ. ಬ್ಯಾಂಕು ಬಾಗಿಲು ತೆಗೆದಾಗ, ಯಾವ ಮನೆ ಚೀಟಿ ಡಬ್ಬದಲ್ಲಿ ಸಿಗುತ್ತೋ ಆ ಮನೆ ಹಣ ಮೊದ್ಲು ವಾಪಸ್ ಬರುತ್ತೆ." ಒಬ್ಬೊಬ್ರೇ ಎದ್ದು ಚಪ್ಪಲಿ ಹುಡುಕ್ಕೊಂಡು ಹೋದ್ರು.

ಆ ಕೋಣೇಲಿ ಏನು ಕೊಟ್ಟ ಅವನು ಅಪ್ಪನಿಗೆ? ನಂಗೆ ಗೊತ್ತು, ನಮ್ಮ ಮನೆ ಹಣ ಮೊದ್ಲು ಕೊಡ್ತೀನಿ ಅಂದಿರ್ತಾನೆ. ಕೇಳಿದ್ರೆ ಅಪ್ಪ "ನಿಂಗೆ ಗೊತ್ತಾಗಬೇಕಾದ್ದಲ್ಲ" ಅಂತಾನೆ. ಊರನ್ನೇ ಮಾರಿದ ಮೇಲೆ ಗುಟ್ಟೇನು?

ನಾಯಫ್


ಅಬಿಜಾನ್, 20 ಡಿಸೆಂಬರ್ 1967

ನಾಯಫ್,

ಒಳಗೆ ಏನು ಮಾತಾಡಿದ್ರು ಅಂತ ಅಪ್ಪ ಏನೂ ಹೇಳ್ಲಿಲ್ವಾ? ಒಂದು ಮಾತೂ? ಬೇಕ್ ಹೋಗುವಾಗ ಅವ್ವನ್ನ ಮಾತಾಡಿಸಿದ್ರಾ? ಅವ್ವ ಅಳ್ತಿದ್ಲಾ? ಚೆನ್ನಾಗಿ ಜ್ಞಾಪಿಸ್ಕೊಂಡು ಬರಿ.

ಅಪ್ಪನ್ನ ಬೈಬೇಡ. ಈ ಒಂದು ಸಲ ಅವನು ಹೇಳ್ದಂಗೆ ಮಾಡು. ಈ ಒಂದೇ ಸಲ. ನಿಂಗೆ ಇಪ್ಪತ್ತೊಂದಾಯ್ತು, ಮೊದಲ ಮತ, ಗೊತ್ತು. ಬೇಕ್‌ಗೆ ಹಾಕು. ನಂಗೋಸ್ಕರ ಹಾಕು ಅಂತ ತಿಳ್ಕೋ. ನಾನು ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?

ರಮ್ಜಾನಿನಲ್ಲಿ ಈ ಊರಲ್ಲಿ ಉಪವಾಸ ಬಿಡೋಕೆ ಒಬ್ನೇ ಕೂರ್ತೀನಿ. ನಮ್ಮೋರು ಯಾರೂ ಕರೀತಿಲ್ಲ ಈ ಸಲ.

ಅದೀಬ್


ಐನ್-ತೂತ್, 18 ಫೆಬ್ರವರಿ 1968

ಅಣ್ಣಾ,

ನಿನ್ನ ಕಾಗದ ಓದಿ ಎರಡು ತಿಂಗಳು ಸುಮ್ನಿದ್ದೆ. ಬರೆದ್ರೆ ಬೈದು ಬರೀತೀನಿ ಅಂತ ಗೊತ್ತಿತ್ತು. ಈಗ ಬೈದೇ ಬರೀತಿದೀನಿ.

ನಂಗೋಸ್ಕರ ಅಂತೆ! ನಿನ್ನ ಕುರ್ಚಿಗೋಸ್ಕರ ಅಂತ ಬರಿ. ಬೇಕ್ ಗೆದ್ರೆ ಬ್ಯಾಂಕು ಉಳಿಯುತ್ತೆ, ಬ್ಯಾಂಕು ಉಳಿದ್ರೆ ನಿನ್ನ ಫ್ಯಾನು ತಿರುಗುತ್ತೆ. ಬೇರೂತಿನ ಪತ್ರಿಕೇಲಿ ಬಂದಿದೆ ನೋಡು, ಕತ್ತರಿಸಿ ಇಟ್ಟಿದೀನಿ. ಮ್ಯಾಜಿಸ್ಟ್ರೇಟ್ ತನಿಖೆ ಸುರು ಮಾಡಿದಾನಂತೆ. ಆದ್ರೆ ಬೇಕ್ ಪಾರ್ಲಿಮೆಂಟ್ ಮೆಂಬರು, ಸಭೆ ಒಪ್ಪದೆ ಅವನ ಮೇಲೆ ಕೈ ಹಾಕಂಗಿಲ್ಲ. ಸೋತ್ರೆ ಮಾರನೇ ದಿನ ಕೈಗೆ ಬೇಡಿ. ಗೆದ್ರೆ ನಾಲ್ಕು ವರ್ಷ ಬಚಾವು. ಅದಕ್ಕೇ ಅವನು ನಮ್ಮನೆ ಚಾಪೆ ಮೇಲೆ ಕಾಫಿ ಇಟ್ಟಿದ್ದು, ನಮ್ಮಪ್ಪನ ಮೇಲಿನ ಪ್ರೀತಿಗಲ್ಲ.

ಇಲ್ಲಿ ನಮ್ಮ ಗತಿ ಕೇಳು. ಹೊಗೆಸೊಪ್ಪಿನ ಪೆಂಡಿ ಕಟ್ಟೋಕೆ ಈ ಸಲ ಅಕ್ಕಪಕ್ಕದೋರು ಒಬ್ರೂ ಬರ್ಲಿಲ್ಲ. ಅಪ್ಪ, ಅವ್ವ, ನಾನು ಮೂರೇ ಜನ ಕಟ್ಟಿದ್ವಿ. ಊರ ಬ್ರೆಡ್ಡಿನ ಒಲೆಗೆ ಅವ್ವ ಹಿಟ್ಟು ತಗೊಂಡು ಹೋದ್ರೆ ಒಲೆಯೋನು ತೌಫೀಕ್, "ಅಮ್ಮಾ, ನಿಮ್ದು ಬೇಕ್ ಮನೆ ಒಲೇಲಿ ಬೇಯಿಸ್ಕೊಳ್ಳಿ" ಅಂದ. ಎಲ್ರೂ ನಕ್ರು. ಅವ್ವ ಹಸೀ ಹಿಟ್ಟು ತಲೆ ಮೇಲಿಟ್ಕೊಂಡು ವಾಪಸ್ ಬಂದ್ಲು. ನಾನು ಹೋಗಿ ತೌಫೀಕ್‌ಗೆ ಎರಡು ಬಿಟ್ಟೆ. ಆದ್ರೆ ಕೈ ನೋವಾಯ್ತು ಹೊರತು ಮನಸ್ಸಿಗೆ ಸಮಾಧಾನ ಆಗ್ಲಿಲ್ಲ. ಅವನು ಹೇಳಿದ್ದು ನಿಜ ತಾನೆ.

ಆದ್ರೂ ಬೈಯೋ ಜನಾನೇ ಬೇಕ್‌ಗೆ ಮತ ಹಾಕ್ತಾರೆ, ಅದೇ ನಂಗೆ ಉರಿ. ಯಾಕಂದ್ರೆ ಚೀಟಿ. ಡಬ್ಬಕ್ಕೆ ಹಾಕೋ ಚೀಟೀನ ಬೇಕ್‌ನ ಕಡೆಯೋರೇ ಬರೆದು ಕೊಡೋದು, ಮನೆಗೊಂದು ಥರ ಅಲ್ವಾ. ತೌಫೀಕ್ ಮನೆ ಚೀಟೀಲಿರೋ ಅಭ್ಯರ್ಥಿಗಳ ಪಟ್ಟೀಲಿ ಬೇಕ್‌ನ ಹೆಸರು ಮೂರನೇದು. ಉಮ್ಮ್ ಶಫೀಕ್ ಮನೇದ್ರಲ್ಲಿ ಮೊದಲನೇದು, ಜೊತೇಗೆ ಬೇಕ್‌ನ ಅಪ್ಪನ ಹೆಸರು. ಇನ್ನೊಬ್ಬರ ಮನೇದ್ರಲ್ಲಿ 'ಬೇಕ್' ಅಂತಿಲ್ದೆ ಬರೀ ಮುನೀಫ್ ಸರ್ಹಾನ್. ಎಣಿಸುವಾಗ ಆಫೀಸರ್ ಒಂದೊಂದು ಚೀಟಿ ಜೋರಾಗಿ ಓದ್ತಾನೆ. ಅಪ್ಪ ಹಿಂದಿನ ಬೆಂಚಲ್ಲಿ ಕಣ್ಮುಚ್ಕೊಂಡು ಕೂತು ಕೇಳಿಸ್ಕೊತಾನೆ. ಅಕ್ಷರ ಬರದ ಮನುಷ್ಯ, ಆದ್ರೆ ಯಾವ ಮನೆ ಹಾಕ್ತು, ಯಾವ ಮನೆ ಕೈ ಕೊಡ್ತು, ಎಲ್ಲಾ ಕಿವೀಲೇ. ಚೀಟಿ ಕೇಳಿಸ್ದಿದ್ರೆ ಹಣ ಇಲ್ಲ.

ನಾನೊಂದು ಯೋಚ್ನೆ ಮಾಡಿದೀನಿ. ಬೇಕ್‌ನ ಗುಮಾಸ್ತ ಚೀಟಿಗಳನ್ನ ತಂದು ಕೊಡ್ತಾನೆ, ಮನೆಗೊಂದು ಬಣ್ಣದ ದಾರ ಕಟ್ಟಿ. ಅಪ್ಪ ಅದನ್ನ ಅವ್ವನ ಮರದ ಪೆಟ್ಟಿಗೇಲಿ ಇಡ್ತಾನೆ. ಅಪ್ಪ ಹೊಲಕ್ಕೆ ಹೋದಾಗ ನಾನು ದಾರ ಬಿಚ್ಚಿ ಎಲ್ಲಾ ಕಲಸಿ ಮತ್ತೆ ಕಟ್ತೀನಿ. ತೌಫೀಕ್‌ದು ಉಮ್ಮ್ ಶಫೀಕ್‌ಗೆ, ಅವಳದು ಇನ್ನೊಬ್ಬನಿಗೆ. ಆಮೇಲೆ ಅಂಗಡಿಗೆ ಬಂದೋರಿಗೆಲ್ಲಾ ಹೇಳ್ತೀನಿ, ನಿಮ್ಮ ಕೈಲಿರೋದು ನಿಮ್ಮ ಚೀಟಿ ಅಲ್ಲ, ಯಾವನಿಗೂ ಗೊತ್ತಾಗಲ್ಲ, ಮನಸ್ಸಿಗೆ ಬಂದೋರಿಗೆ ಹಾಕಿ ಅಂತ. ನಮ್ಮೂರು ಒಂದು ಸಲವಾದ್ರೂ ಗಂಡಸ್ತನ ತೋರಿಸ್ಲಿ.

ತಡೀಬೇಕು ಅನ್ಸಿದ್ರೆ ಕಾರಣ ಬರಿ. ಸರಿಯಾದ ಕಾರಣ. ಕಟ್ಟಡ, ಹೊರದೇಶ ಅಂತೆಲ್ಲಾ ಅಲ್ಲ.

ನಾಯಫ್


ಅಬಿಜಾನ್, 14 ಮಾರ್ಚ್ 1968

ನಾಯಫ್, ನನ್ನ ತಮ್ಮಾ,

ನಿನ್ನ ಕಾಗದ ಈಗ ತಾನೆ ಕೈಗೆ ಬಂತು. ಚೀಟಿ ಮುಟ್ಟಬೇಡ. ಮುಟ್ಟಿದ್ರೆ ಮೊದಲಿನ ಹಾಗೆ ಮಾಡಿಡು. ಅಲ್ಲಾನ ಮೇಲಾಣೆ.

ಕಾರಣ ಕೇಳ್ದೆ. ನಂಗೆ ಮೊದಲೇ ಹೇಳೋ ಧೈರ್ಯ ಇರ್ಲಿಲ್ಲ. ಮೂರು ವರ್ಷದಿಂದ ಬೇಕ್ ಬೇರೂತಿಂದ ಹೇಳಿ ಕಳಿಸ್ತಿದ್ರು, ಇಷ್ಟು ಹಣ ನಿನ್ನ ಶಾಖೆಗೆ ಕಳಿಸಿದೀನಿ, ಬಂತು ಅಂತ ಬರೆದು ಸೈನ್ ಹಾಕು ಅಂತ. ಇಲ್ಲಿಗೆ ಒಂದು ಪೈಸೆ ಬರ್ತಿರ್ಲಿಲ್ಲ. ಸ್ವಿಟ್ಜರ್ಲೆಂಡಿಗೆ ಹೋಗ್ತಿತ್ತು, ಅವರ ಹೆಸರಿಗೆ. ನಾನು ಬಂತು ಅಂತ ಸೈನ್ ಹಾಕ್ದೆ. ಒಂದು ಸಲ ಅಲ್ಲ. ಕೇಳ್ದಾಗೆಲ್ಲಾ. ಊರಿನೋರ ಹಣ ಎಲ್ಲಿದೆ ಅಂತ ಯಾರಾದ್ರೂ ಕಾಗದ ತೆಗೆದು ನೋಡಿದ್ರೆ ಅದು ನನ್ನ ಹತ್ರ ಇದೆ. ಕಾಗದದ ಪ್ರಕಾರ ಕಳ್ಳ ನಾನು.

ಆ ಕೋಣೇಲಿ ಬೇಕ್ ಅಪ್ಪನಿಗೆ ಹೇಳಿದ್ದು ಇದೇ ಇರಬೇಕು. ನಾನು ಮೆಂಬರ್ ಆಗಿದ್ರೆ ನಿನ್ನ ಮಗನ್ನ ಕಾಪಾಡ್ತೀನಿ, ಇಲ್ಲಾಂದ್ರೆ ಇಬ್ರೂ ಹೋಗ್ತೀವಿ ಅಂತ. ನಂಗೂ ಹಾಗೇ ಹೇಳಿ ಕಳಿಸಿದಾರೆ. ಅಪ್ಪ ಊರು ಮಾರಿದ್ದು ನಮ್ಮನೆ ಹಣಕ್ಕಲ್ಲ ಕಣೋ. ನಂಗೋಸ್ಕರ. ನಿಂಗೆ ಹೇಳ್ಲಿಲ್ಲ, ಯಾಕಂದ್ರೆ ನಿನ್ನ ಬಾಯಲ್ಲಿ ಏನೂ ನಿಲ್ಲಲ್ಲ ಅಂತ ಅವನಿಗೂ ಗೊತ್ತು, ನಂಗೂ ಗೊತ್ತು.

ವಿಮಾನದ ಟಪಾಲಿಗೆ ಹಾಕ್ತಿದೀನಿ. ಮತದ ಭಾನುವಾರಕ್ಕೆ ಮುಂಚೆ ಸಿಗ್ಲಿ.

ಅದೀಬ್


ಐನ್-ತೂತ್, 4 ಏಪ್ರಿಲ್ 1968

ಅಣ್ಣಾ,

ನಿನ್ನ ಕಾಗದ ನಿನ್ನೆ ಬಂತು. ಬುಧವಾರ. ಭಾನುವಾರ ಮತ ಆಗೋಯ್ತು.

ಏನಾಯ್ತು ಅಂತ ಹೇಳ್ತೀನಿ. ನಾನು ಅಂದ್ಕೊಂಡಂಗೇ ಆಯ್ತು. ದಾರ ಬಿಚ್ಚಿ ಕಲಸಿದೆ, ಅಂಗಡೀಲಿ ಕೂತು ಎಲ್ರಿಗೂ ಹೇಳ್ದೆ. ಮೊದ್ಲು ನಂಬ್ಲಿಲ್ಲ. "ನಿಮ್ಮಪ್ಪನೇ ಹೇಳಿ ಕಳಿಸಿದಾನೆ, ನಮ್ಮನ್ನ ಪರೀಕ್ಷೆ ಮಾಡೋಕೆ" ಅಂದ ತೌಫೀಕ್. "ನಾನು ನಿನ್ನ ಮೂಗು ಒಡೆದೋನು, ನಿಂಗೆ ಸುಳ್ಳು ಹೇಳ್ತೀನೇನೋ" ಅಂದೆ. ಅದಕ್ಕೆ ನಂಬ್ದ.

ಶಾಲೆ ಕೋಣೇಲಿ ಡಬ್ಬ ಬಿಚ್ಚಿದ್ರು. ಅಪ್ಪ ಹಿಂದಿನ ಬೆಂಚಲ್ಲಿ ಜಪಮಣಿ ಹಿಡ್ಕೊಂಡು ಕಣ್ಮುಚ್ಚಿದ್ದ. ಒಂದು ಮನೆಗೆ ಒಂದು ಮಣಿ. ಆಫೀಸರ್ ಓದ್ತಾ ಹೋದ. ಎದುರು ಪಾರ್ಟಿ, ಎದುರು ಪಾರ್ಟಿ, ಎದುರು ಪಾರ್ಟಿ. ಮಣಿ ಜರುಗ್ತಾನೇ ಇಲ್ಲ. ಹಿಂದೆ ಹುಡುಗರು ಕಿಸಕ್ ಅಂತ ನಗೋಕೆ ಸುರು ಮಾಡಿದ್ರು. ನಾನೂ ನಕ್ಕೆ ಅಣ್ಣಾ. ಎಲ್ರಿಗಿಂತ ಜೋರಾಗಿ ನಾನೇ ನಕ್ಕಿದ್ದು. ಮುಗಿದಾಗ ಬೇಕ್‌ನ ಹೆಸರು ಬಂದಿದ್ದು ಬೆರಳಲ್ಲಿ ಎಣಿಸೋಷ್ಟು.

ಅಪ್ಪ ಮನೆಗೆ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತ. ನಾನು ಜಗಳಕ್ಕೆ ರೆಡಿಯಾಗಿದ್ದೆ. "ಯಾರು, ನೀನಾ?" ಅಂದ. "ಹೂಂ" ಅಂದೆ. "ನೀನು ನಿಮ್ಮಣ್ಣನ್ನ ಅವ್ರ ಕೈಗೆ ಕೊಟ್ಬಿಟ್ಟೆ ಕಣೋ" ಅಂದ. ಅಷ್ಟೇ. ಮುದುಕನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಬುಧವಾರ ನಿನ್ನ ಕಾಗದ ಓದೋವರ್ಗೂ ಹಂಗೇ ಅಂದ್ಕೊಂಡಿದ್ದೆ.

ಬೇಕ್ ಸೋಲ್ಲಿಲ್ಲ. ಗೆದ್ದ. ಬೇರೆ ಊರುಗಳ ಬೀಗದಕೈಗಳು ಚೆನ್ನಾಗಿ ತಿರುಗಿದ್ವು. ನಮ್ಮೂರು ಇಲ್ದೇನೇ ಗೆದ್ದ. ಅಂದ್ರೆ ಅವನಿಗೆ ಅಪ್ಪನ ಹಂಗಿಲ್ಲ ಈಗ. ಸೋಮವಾರ ಅಪ್ಪ ಬಸ್ ಹಿಡ್ದು ಬೇರೂತಿಗೆ ಹೋದ, ಅವನ ಮನೆ ಗೇಟಲ್ಲಿ ಸಾಯಂಕಾಲದವರ್ಗೂ ಕೂತಿದ್ದ. ವಕೀಲ ನಸೂಹ್ ಬಂದು ಹೇಳಿದ್ನಂತೆ, "ಕಾಫಿ ಕುಡಿಸಿ ಮಾತು ಮುರಿದೋನ ಮುಖ ಬೇಕ್ ನೋಡಲ್ವಂತೆ. ಐನ್-ತೂತ್‌ಗೆ ಒಂದು ಬಿಡಿಕಾಸೂ ಇಲ್ಲ. ನಿನ್ನ ಮಗನ ವಿಷ್ಯ ಕಾನೂನು ನೋಡ್ಕೊಳುತ್ತೆ." ಚೀಟಿ ಕಲಸಿದ್ದು ನಾಯಫ್ ಅಂತ ಅಪ್ಪ ಹೇಳ್ಲಿಲ್ಲ. ಹೇಳಿದ್ರೆ ಅವನ ಮಾತಾದ್ರೂ ಉಳೀತಿತ್ತು. ನನ್ನ ಹೆಸರು ಎತ್ಲಿಲ್ಲ.

ಮೊಹರಂ ಸುರುವಾಗಿದೆ. ಹುಸೇನಿಯಾ ಸಭಾಮನೇಲಿ ದಿನಾ ಶೋಕಗೀತೆ ಓದ್ತಿದಾರೆ. ಅಪ್ಪ ಹೋಗ್ತಿಲ್ಲ. ಅಲ್ಲಿ ಅಳೋಕೆ ಮೂವತ್ತು ವರ್ಷದಿಂದ ಒಂದೇ ಜಾಗದಲ್ಲಿ ಕೂರ್ತಿದ್ದೋನು, ಈಗ ಮನೇಲಿ ಕೂತಿದಾನೆ.

ನಿನ್ನ ಮೇಲೂ ನಂಗೆ ಕೋಪ ಇದೆ. ನವೆಂಬರಲ್ಲೇ ಹೇಳಿದ್ರೆ ನಿಂಗೇನಾಗ್ತಿತ್ತೋ? ನನ್ನ ಬಾಯಲ್ಲಿ ನಿಲ್ಲಲ್ವಂತೆ. ನಿಲ್ಲಿಸ್ತಿದ್ದೆ. ಬೇಕ್‌ಗೆ ಮತಾನೂ ಹಾಕ್ತಿದ್ದೆ, ಅವನ ಹೆಸರು ಹಣೆ ಮೇಲೆ ಬರ್ಕೊಂಡು ಹೋಗಿ ಹಾಕ್ತಿದ್ದೆ. ಹೆಂಗಿದ್ರೂ ಅವನು ನಿನ್ನ ಬಿಟ್ಟುಕೊಡ್ತಿದ್ದ ಅಂತ ಒಂದ್ಸಲ ಅನ್ಸುತ್ತೆ. ಇನ್ನೊಂದ್ಸಲ ಅನ್ಸಲ್ಲ.

ಅಲ್ಲೇ ಇರು. ಏನೇ ಕರೆ ಬಂದ್ರೂ ಬರಬೇಡ. ಆ ದೇಶದೋರು ಹಿಡಿದು ಕಳಿಸಲ್ಲ ಅಲ್ವಾ? ಅಂಗಡಿ ಇಡು, ತರಕಾರಿ ಮಾರು, ಏನಾದ್ರೂ ಮಾಡು. ಬರಬೇಡ.

ನಾಯಫ್


ಅಬಿಜಾನ್, 22 ಏಪ್ರಿಲ್ 1968

ಪ್ರೀತಿಯ ತಮ್ಮ,

ಫೆಬ್ರವರಿ ಕಾಗದ ಆದ್ಮೇಲೆ ನಿನ್ನಿಂದ ಏನೂ ಬಂದಿಲ್ಲ. ಕೋಪ ಮಾಡ್ಕೊಂಡಿದೀಯ ಅಂತ ತಿಳ್ಕೊಂಡಿದೀನಿ. ಮಾಡ್ಕೋ, ನಿಂಗೆ ಹಕ್ಕಿದೆ. ಆದ್ರೆ ನನ್ನ ಮಾತು ಕೇಳಿ ಚೀಟಿ ಮುಟ್ಟಲಿಲ್ಲ ಅನ್ನೋದೂ ಗೊತ್ತಾಯ್ತು, ಯಾಕಂದ್ರೆ ಬೇಕ್ ಗೆದ್ರು! ಇಲ್ಲಿಗೆ ತಂತಿ ಬಂತು. ಅವರೇ ಕಳಿಸಿದ್ದು: "ಎಲ್ಲಾ ಸರಿಹೋಯ್ತು, ಸಮಿತಿ ಮುಂದೆ ನೀನೂ ಎರಡು ಮಾತು ಹೇಳಬೇಕು, ಹೊರಟು ಬಾ." ಟಿಕೆಟ್ಟಿಗೂ ಅವರೇ ಹಣ ಕಳಿಸಿದಾರೆ. ದೊಡ್ಡ ಮನಸ್ಸು ನೋಡು. ಬೇರೆ ಯಾರಾದ್ರೂ ಆಗಿದ್ರೆ ಗೆದ್ದ ಮೇಲೆ ನನ್ನಂಥೋನ್ನ ಮರೀತಿದ್ರು.

ನಾಳೆ ಹಡಗು. ಡಾಕರ್, ಆಮೇಲೆ ಮಾರ್ಸೇಲ್ಸ್, ಅಲ್ಲಿಂದ ಬೇರೂತ್. ಎಂಟು ವರ್ಷ ಆಯ್ತು ಮನೆ ನೋಡಿ. ಅಪ್ಪನ್ನ ಬಂದರಿಗೆ ಕರ್ಕೊಂಡು ಬಾ. ಅವನು ನಂಗೋಸ್ಕರ ಅನುಭವಿಸಿದ್ದನ್ನ ನಾನು ಎಲ್ರ ಮುಂದೆ ಅವನ ಕೈಗೆ ಮುತ್ತು ಕೊಟ್ಟು ತೀರಿಸಬೇಕು. ಊರಿನೋರ ಹಣದ ಬಗ್ಗೆ ಬೇಕ್ ಹತ್ರ ನಾನೇ ಮಾತಾಡ್ತೀನಿ. ನಂಗೆ ಅಷ್ಟು ಸಲಿಗೆ ಇದೆ.

ನಿದ್ದೆ ಬರ್ತಿದೆ ಈಗ. ತುಂಬಾ ದಿನ ಆಗಿತ್ತು.

ಅದೀಬ್


ಅದೀಬ್, ಅಬಿಜಾನಿಂದ ಬರೋ ಹಡಗಿನ ಪ್ರಯಾಣಿಕ
ಹಡಗು ಕಂಪನಿ ಆಫೀಸು, ಮಾರ್ಸೇಲ್ಸ್

9 ಮೇ 1968

ಅಣ್ಣಾ, ಇಳಿ. ಮಾರ್ಸೇಲ್ಸಲ್ಲೇ ಇಳಿದುಬಿಡು. ಬೇರೂತಿನ ಹಡಗು ಹತ್ತಬೇಡ.

ಚೀಟಿ ನಾನು ಕಲಸಿದೆ. ಮುಟ್ಟಬೇಡ ಅಂತ ಬರೆದ ನಿನ್ನ ಕಾಗದ ತಡವಾಗಿ ಬಂತು. ನಮ್ಮೂರು ಬೇಕ್‌ಗೆ ಹಾಕ್ಲಿಲ್ಲ. ಅವನು ನಿನ್ನ ಕರೆಸ್ತಿರೋದು ಕಾಪಾಡೋಕಲ್ಲ. ಹೋದ ವಾರ ನಮ್ಮನೆಗೆ ಪೊಲೀಸ್ರು ಬಂದು ನಿನ್ನ ಫೋಟೋ ತಗೊಂಡು ಹೋದ್ರು. ಪತ್ರಿಕೇಲಿ ಬೇಕ್ ಹೇಳಿಕೆ ಕೊಟ್ಟಿದಾನೆ, ನಂಬಿ ಕೆಟ್ಟೆ, ಆಫ್ರಿಕಾದ ಮ್ಯಾನೇಜರ್ ಜನರ ದುಡ್ಡು ನುಂಗ್ದ ಅಂತ. ಅವನ ಮೇಲೆ ಕೈ ಹಾಕಂಗಿಲ್ಲ, ಆದ್ರೆ ಯಾರ ಮೇಲಾದ್ರೂ ಹಾಕ್ಲೇಬೇಕಲ್ಲ.

ಸೈದಾಗೆ ಬಂದು ತಂತೀನೂ ಕೊಟ್ಟಿದೀನಿ. ಪ್ರಯಾಣಿಕರಿಗೆ ತಲುಪುತ್ತಾ ಅಂತ ಕೇಳಿದ್ರೆ ತಂತಿಯೋನು ಹೆಗಲು ಕುಣಿಸ್ದ. ಯಾವುದು ಮೊದ್ಲು ಸಿಗುತ್ತೋ ಅದನ್ನ ಓದು. ಪೆಟ್ಟಿಗೆ ಹಡಗಲ್ಲಿದ್ರೆ ಇರ್ಲಿ ಬಿಡು. ಇಳಿ.

ನಿನ್ನ ಕಾಗದ ಅಪ್ಪನಿಗೆ ಓದಿ ಹೇಳ್ದೆ. ಅಣ್ಣನಿಗೆ ಬರಬೇಡ ಅಂತ ಬರೆದಿದೀನಿ, ನೀನು ಬಂದರಿಗೆ ಹೋಗಬೇಡ ಅಂತ ಅಪ್ಪನಿಗೆ ಅಂದ್ರೆ ಕೇಳ್ತಿಲ್ಲ. "ಬಂದ್ರೆ? ಯಾರೂ ಇಲ್ದೆ ಇಳೀತಾನಾ?" ಅಂತಾನೆ. ಹಡಗು ಬರೋ ದಿನ ಹೋಗ್ತಾನಂತೆ.

ನಾಯಫ್


ಐನ್-ತೂತ್, 23 ಜೂನ್ 1968

ಅದೀಬಣ್ಣನಿಗೆ, ಬೇರೂತ್ ಜೈಲು

ಅಣ್ಣಾ,

ವಕೀಲರಾದ ನಸೂಹ್ ಸಾಹೇಬರು ನಮ್ಮ ಅಂಗಡಿಯಲ್ಲಿ ಕೂತಿದ್ದಾರೆ. ಈ ಕಾಗದವನ್ನು ಅವರು ಓದಿ, ಅವರೇ ನಿನಗೆ ತಂದುಕೊಡುತ್ತಾರೆ. ಅದಕ್ಕೇ ನಿಧಾನವಾಗಿ, ಒಳ್ಳೆಯ ಮಾತಿನಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವರು ತಿದ್ದುತ್ತಾರೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬಂದರಿನಲ್ಲಿ ಪೊಲೀಸರು ನಿನ್ನನ್ನು ಕರೆದುಕೊಂಡು ಹೋಗುವಾಗ ನೀನು ಅಪ್ಪನ ಕಡೆ ಕೈ ಚಾಚಿದೆಯಂತೆ. ಅಪ್ಪ ಅದನ್ನು ದಿನಾ ಹೇಳುತ್ತಾನೆ. ಬೇರೆ ಹೆಚ್ಚು ಮಾತಾಡುವುದಿಲ್ಲ. ಊಟ ಮಾಡುತ್ತಾನೆ. ತೌಫೀಕ್ ಈಗ ಅವ್ವನ ಬ್ರೆಡ್ಡು ಒಲೆಗೆ ಹಾಕುತ್ತಾನೆ. ಪಾಪ ಅಂತ ಹಾಕುತ್ತಾನೆ.

ಗೌರವಾನ್ವಿತ ಮುನೀಫ್ ಬೇಕ್ ಅವರು ಹಣಕಾಸು ಸಮಿತಿಯ ಅಧ್ಯಕ್ಷರಾಗಿದ್ದಾರೆ. ಮುಚ್ಚಿದ ಬ್ಯಾಂಕುಗಳ ಬಗ್ಗೆ ಹೊಸ ಕಾನೂನನ್ನು ಅವರೇ ಬರೆಸುತ್ತಿದ್ದಾರಂತೆ. ಅವರು ನಮ್ಮ ಮನೆಯ ಹಳೆಯ ಸ್ನೇಹವನ್ನು ಮರೆತಿಲ್ಲ ಎಂದು ಸಾಹೇಬರು ಹೇಳಿದರು. ನಾನು ಧನ್ಯವಾದ ಹೇಳಿದೆ. ನಾನೇ ಹೇಳಿದೆ, ಅಣ್ಣಾ. ಎದ್ದು ನಿಂತು ಹೇಳಿದೆ.

ಒಂದು ಹೇಳಿಕೆ ಸಿದ್ಧ ಮಾಡಿದ್ದಾರೆ. ಮಾಡಿದ್ದೆಲ್ಲಾ ನೀನೊಬ್ಬನೇ, ಬೇಕ್ ಅವರಿಗೆ ಏನೂ ಗೊತ್ತಿರಲಿಲ್ಲ ಅಂತ. ನೀನು ಸೈನ್ ಹಾಕಿದರೆ ಎರಡು ವರ್ಷಕ್ಕೆ ಮುಗಿಸುತ್ತಾರೆ. ಹಾಕದೆ ವಾದ ಮಾಡಿದರೆ ಹತ್ತು ವರ್ಷ. ನಮ್ಮ ಕಡೆ ವಕೀಲರು ಯಾರೂ ಸಿಗುವುದಿಲ್ಲ. ಸೈದಾದಲ್ಲಿ ಕೇಳಿದೆ, ನಬಾತಿಯೆಯಲ್ಲಿ ಕೇಳಿದೆ. ಬೇಕ್ ಅವರ ಹೆಸರು ಹೇಳಿದ ಕೂಡಲೇ ಬಾಗಿಲು ತೋರಿಸಿದರು.

ನೀನು ಹಾಕುವುದಿಲ್ಲ, ಕೋರ್ಟಿನಲ್ಲಿ ಎಲ್ಲಾ ಹೇಳುತ್ತೇನೆ ಅಂತ ಹಟ ಹಿಡಿದಿದ್ದೀಯ ಎಂದು ಸಾಹೇಬರು ಹೇಳಿದರು. ನನ್ನ ಜಾಗದಲ್ಲಿ ನಾಯಫ್ ಇದ್ದಿದ್ದರೆ ಹಾಕುತ್ತಿರಲಿಲ್ಲ ಎಂದೆಯಂತೆ. ಅದು ನಿಜ. ಆ ನಾಯಫ್ ಹಾಕುತ್ತಿರಲಿಲ್ಲ. ಆದರೆ ಅವ್ವನಿಗೆ ಈಗ ಬೆಳಕು, ಕತ್ತಲೆ ಅಷ್ಟೇ ಗೊತ್ತಾಗುತ್ತದೆ. ಅಪ್ಪನ ಉಸಿರು ನೀನು ಕೇಳಿಲ್ಲ, ನಾನು ಪಕ್ಕದಲ್ಲಿ ಮಲಗುತ್ತೇನೆ. ಎರಡು ವರ್ಷ ಅಂದರೆ ಅವರಿಬ್ಬರೂ ಇರಬಹುದು. ಹತ್ತು ಅಂದರೆ ನಾನೊಬ್ಬನೇ ಗೇಟಿಗೆ ಬರುತ್ತೇನೆ.

ಅಪ್ಪ ಇದನ್ನು ನಿನಗೆ ಹೇಳಲಾರ. ನೀನು ಹಾಕು ಅಂತಲೂ ಹೇಳಲಾರ, ಬೇಡ ಅಂತಲೂ ಹೇಳಲಾರ. ಅದಕ್ಕೆ ನಾನು ಹೇಳುತ್ತಿದ್ದೇನೆ.

ಹೆಸರು ಎಲ್ಲಿ ಬರೆಯಬೇಕು ಅಂತ ಸಾಹೇಬರು ಬೆರಳಿಟ್ಟು ತೋರಿಸುತ್ತಾರೆ. ಅಲ್ಲಿ ಬರೆ. ಬೇರೇನೂ ಬರೆಯಬೇಡ.

ನಿನ್ನ ತಮ್ಮ
ನಾಯಫ್